ಗುಬ್ಬಿ ಕೈಬಿಡುವ ಏಟು

ಜನವರಿ ೧೮

ಮರೀ,

ಅಕ್ಷರ ನೋಡಿ ನಗಬೇಡ. ಇದನ್ನು ಬರೆದದ್ದು ನನ್ನ ಬಲಗೈಯೇ. ಫಿಸಿಯೋಥೆರಪಿ ಮಾಡಿಸುವ ಹುಡುಗಿ ನನ್ನ ಫೋನ್ ಕಸಿದುಕೊಂಡು ಪೆನ್ನು ಕೊಟ್ಟಿದ್ದಾಳೆ. "ಯಾರಿಗಾದ್ರೂ ಕಾಗದ ಬರೀರಿ, ಬೆರಳಿಗೆ ಅದೇ ಔಷಧಿ" ಅನ್ನುತ್ತಾಳೆ. ನಿನ್ನ ಬಿಟ್ಟರೆ ನನಗೆ ಬರೆಯುವುದಕ್ಕೆ ಯಾರಿದ್ದಾರೆ? ಇಷ್ಟಕ್ಕೇ ಎರಡು ದಿನ ಹಿಡಿಯಿತು.

ಇವತ್ತಿನ ಸುದ್ದಿ ಕೇಳು. ಡ್ರಮ್ಮಿನ ಕೋಲನ್ನು ಹತ್ತು ಎಣಿಸುವವರೆಗೆ ಬೀಳಿಸದೆ ಹಿಡಿದೆ. ಇಪ್ಪತ್ತೆರಡು ವರ್ಷ ಸರ್ಕಸ್ಸಿನಲ್ಲಿ ಬಾರಿಸಿದವನ ಸಾಧನೆ! ನಿನ್ನ ಅತ್ತಿಗೆ ಚಪ್ಪಾಳೆ ತಟ್ಟಿದಳು. ಆಮೇಲೆ ಏನೋ ನೆನಪಾದವಳ ಹಾಗೆ ಒಳಗೆ ಹೋದಳು.

ನನ್ನ ಜಾಗ ಕಾದಿಟ್ಟುಕೋ. ಮೂರು ತಿಂಗಳು ಸಾಕು.

ನಿನ್ನ ಅಣ್ಣ


ಜನವರಿ ೩೦

ಅಣ್ಣಾ,

ನಿನ್ನ ಕಾಗದ ಹಿಂದಿನ ಊರಿಗೆ ಹೋಗಿ, ಅಲ್ಲಿ ಡೇರೆ ಕಿತ್ತ ಮೈದಾನ ನೋಡಿ, ಇಲ್ಲಿಗೆ ಬಂತು. ಬ್ಯಾಂಡ್ ಮಾಸ್ತರು ತಾವೇ ತಂದುಕೊಟ್ಟರು. ಅಕ್ಷರ ನೋಡಿ ನಗಲಿಲ್ಲ. ಮಾಸ್ತರು ಪಕ್ಕದಲ್ಲಿದ್ದರು, ಅದಕ್ಕೇ ಅಳಲೂ ಇಲ್ಲ.

ನನ್ನ ಕಡೆಯ ಸುದ್ದಿಯೂ ಇದೆ. ಶನಿವಾರದ ಮಧ್ಯಾಹ್ನದ ಆಟವನ್ನು ಮೊದಲಿನಿಂದ ಕೊನೆಯವರೆಗೆ ಒಂದು ತಪ್ಪೂ ಇಲ್ಲದೆ ಬಾರಿಸಿದೆ. ಇಲ್ಲಿಗೆ ಬಂದ ಮೇಲೆ ಇದೇ ಮೊದಲ ಸಲ. ಶಾಲೆಯ ಬ್ಯಾಂಡಿನಲ್ಲಿ ಮಕ್ಕಳಿಗೆ ಡ್ರಮ್ಮಿನ ಒಂದು-ಎರಡು-ಮೂರು ಹೇಳಿಕೊಡುತ್ತಿದ್ದ ನಾನು, ನಿನಗೆ ಲಕ್ವ ಹೊಡೆದ ಮೂರನೆಯ ದಿನಕ್ಕೆ ಇಲ್ಲಿ ಬಂದು ಕೂತವಳು. ಮೊದಲ ವಾರವಂತೂ ಕುದುರೆಗಳಿಗೂ ನನಗೂ ಆಗಿಬರಲಿಲ್ಲ. ಅವು ತಪ್ಪು ಹೆಜ್ಜೆ ಹಾಕುತ್ತಿವೆ ಅಂದುಕೊಂಡಿದ್ದೆ. ಮಾಸ್ತರು ತುತ್ತೂರಿ ಇಳಿಸಿ ಹೇಳಿದರು: "ಕುದುರೆ ನಿನ್ನ ತಾಳಕ್ಕೆ ಕುಣಿಯಲ್ಲಮ್ಮ. ನೀನೇ ಅದರ ಗೊರಸಿಗೆ ಬಾರಿಸ್ಬೇಕು." ಅವತ್ತಿನಿಂದ ತಾಳ ಬರೆದ ಕಾಗದ ನೋಡುವುದು ಬಿಟ್ಟು ಕುದುರೆಯ ಕಾಲು ನೋಡುತ್ತಿದ್ದೇನೆ.

ನಿನ್ನ ಸ್ಟೂಲು ಎಡಕ್ಕೆ ತಗ್ಗಾಗಿದೆ. ಟವೆಲ್ ಮಡಚಿ ಹಾಕಿಕೊಂಡಿದ್ದೇನೆ. ಎತ್ತರವನ್ನು ಎರಡು ಸುತ್ತು ಇಳಿಸಿದ್ದಕ್ಕೆ ಕ್ಷಮಿಸು.

ಇನ್ನೊಂದು ವಿಷಯ. ಕಳೆದ ಜೂನ್‌ನಲ್ಲಿ ಬಲೆಯ ಅಂಚಿಗೆ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದಳಲ್ಲ ಗುಬ್ಬಿ, ಅವಳು ಮತ್ತೆ ಜೋಕಾಲಿ ಹತ್ತುತ್ತಿದ್ದಾಳೆ. ಮುಂದಿನ ಊರಿನಲ್ಲಿ ಎರಡು ಪಲ್ಟಿಯ ಜಿಗಿತ ಮತ್ತೆ ಶುರುವಂತೆ. ಅವಳನ್ನು ಗಾಳಿಯಲ್ಲಿ ಹಿಡಿಯುವುದಕ್ಕೆ ಇಕ್ಕಳನ ಜಾಗದಲ್ಲಿ ಹೊಸಬನೊಬ್ಬ ಬಂದಿದ್ದಾನೆ. ಅವಳು ಜೋಕಾಲಿಯಿಂದ ಕೈಬಿಡುವುದಕ್ಕೆ ಗುರುತಿನ ಏಟನ್ನು ನಾನು ಕೊಡಬೇಕು. ಅಣ್ಣಾ, ನನಗೆ ಊಟ ಸೇರುತ್ತಿಲ್ಲ. ಹೇಗೆ ಅಂತ ಬರೆ.

ನಿನ್ನ ಮರಿ


ಫೆಬ್ರವರಿ ೧೬

ಮರೀ,

ಗುಬ್ಬಿಯನ್ನು ನೋಡಬೇಡ. ಡೇರೆಯಲ್ಲಿರುವವರೆಲ್ಲ ಅವಳನ್ನೇ ನೋಡುತ್ತಾರೆ. ನೀನು ಮಾತ್ರ ಎದುರಿನ ಜೋಕಾಲಿಯಲ್ಲಿ ತಲೆಕೆಳಗಾಗಿ ನೇತಾಡುವವನನ್ನು ನೋಡು. ಅವನು ಹಿಂದಕ್ಕೆ ಹೋಗಿ, ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗಾಗಿ, ಮುಂದಕ್ಕೆ ಹೊರಡುತ್ತಾನೆ. ಹೊರಟ ಅಂತ ನಿನ್ನ ಹೊಟ್ಟೆಗೆ ಗೊತ್ತಾಗುತ್ತದೆ. ಆಗ ಎರಡು ಕೋಲಿನಲ್ಲಿ ಬಿಡದೆ ಉರುಳಿಸುತ್ತಿರುವ ರೋಲ್ ನಿಲ್ಲಿಸಿ ಒಂದೇ ಏಟು. ಮೇಲೆ ದೀಪದ ಬೆಳಕು ಕಣ್ಣಿಗೆ ಹೊಡೆಯುವುದರಿಂದ ಗುಬ್ಬಿಗೆ ಅವನು ಕಾಣುವುದಿಲ್ಲ. ನಿನ್ನ ಏಟು ಕೇಳಿ ಕೈಬಿಡುತ್ತಾಳೆ. ಏಟು ತುಸು ಬೇಗ ಬಿದ್ದರೆ ಅವನು ಮೈ ಚಾಚಿ ಸರಿಮಾಡಿಕೊಂಡಾನು. ತಡವಾಗಬಾರದು, ಅಷ್ಟೆ.

ಇನ್ನು ನನ್ನ ಪ್ರತಾಪ. ಬಲಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಂಡೆ, ಐದರಲ್ಲಿ ನಾಲ್ಕು. ನಿನ್ನ ಅತ್ತಿಗೆಯ ಇಸ್ತ್ರಿ ಮೇಜಿನ ಮೇಲೆ ರಬ್ಬರ್ ಹಾಳೆ ಹಾಸಿಕೊಂಡು ದಿನಕ್ಕೆ ನಾಲ್ಕು ಸಲ ಕೂರುತ್ತೇನೆ. ತಾಳ ಎಣಿಸುವ ಟಿಕ್‌ಟಿಕ್ ಯಂತ್ರವನ್ನು ನಿಮಿಷಕ್ಕೆ ನಲವತ್ತಕ್ಕೆ ಇಟ್ಟು ಮೂರು ನಿಮಿಷ ಎರಡೂ ಕೈ ಸಮನಾಗಿ ಬಾರಿಸಿದೆ. ಮೊನ್ನೆ ಐವತ್ತೆರಡು. ಅರವತ್ತಕ್ಕೆ ಹೋದರೆ ಬಲಗೈ ಬಸ್ಸು ತಪ್ಪಿದವನ ಹಾಗೆ ಹಿಂದೆ ಓಡಿಕೊಂಡು ಬರುತ್ತದೆ. ಪಕ್ಕದಲ್ಲೇ ಅವಳ ಹೊಲಿಗೆ ಯಂತ್ರ. ಇಬ್ಬರಿಗೂ ಪೈಪೋಟಿ. ಇಲ್ಲಿಯವರೆಗೆ ಅವಳೇ ಗೆದ್ದಿದ್ದಾಳೆ.

ಹೊಸಬ ಹೇಗಿದ್ದಾನೆ? ಅಲ್ಲಿ ಹಳೆಯ ಮಾತು ಎತ್ತುವವರು ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡ.

ನಿನ್ನ ಅಣ್ಣ


ಮಾರ್ಚ್ ೫

ಅಣ್ಣಾ,

ಕೊಟ್ಟೆ. ಭಾನುವಾರದ ಆಟದಲ್ಲಿ. ರೋಲ್ ಒಂದೂವರೆ ನಿಮಿಷ ಎಲ್ಲೂ ಕದಡಲಿಲ್ಲ. ಶಾಲೆಯಲ್ಲಿದ್ದಾಗ ನಲವತ್ತು ಸೆಕೆಂಡಿಗೇ ನನ್ನ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ಹೊಸಬ ಹೊರಟದ್ದು ಹೊಟ್ಟೆಗೆ ಗೊತ್ತಾಯಿತು, ನೀನು ಹೇಳಿದ ಹಾಗೆಯೇ. ಏಟು ಬಿತ್ತು. ನಾನು ಕಣ್ಣು ಮುಚ್ಚಿದೆ. ಜನ ಕೂಗಿದ್ದು ಕೇಳಿದ ಮೇಲೆ ತೆರೆದೆ. ಗುಬ್ಬಿ ಅವನ ಕೈಯಲ್ಲಿದ್ದಳು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಾಗ ಗುಬ್ಬಿ ಬಂದು ಪಕ್ಕದಲ್ಲಿ ಕೂತಳು. ಆದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ನಿನ್ನ ಏಟು ಚೆನ್ನಾಗಿತ್ತು ಕಣೆ. ನಿಮ್ಮಣ್ಣಂದೂ ಮೊದಲು ಹೀಗೇ ಇತ್ತು."

"ಮೊದಲು ಅಂದ್ರೆ?"

ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. "ನಾನು ಬಿದ್ದ ದಿನ ತಡ ಆಯ್ತು. ಕಾದೆ, ಕಾದೆ, ಬರ್ಲೇ ಇಲ್ಲ. ಬಂದ ತಕ್ಷಣ ಬಿಟ್ಟೆ. ಇಕ್ಕಳ ಅಷ್ಟರಲ್ಲಿ ಹಿಂದಕ್ಕೆ ಹೋಗ್ತಾ ಇದ್ದ."

"ಅವನು ಕುಡಿದು ಬಂದಿದ್ದ ಅಂತಾರಲ್ಲ?"

"ಇಕ್ಕಳ ಕುಡಿದಿದ್ದನ್ನ ನಾನಂತೂ ಯಾವತ್ತೂ ನೋಡಿಲ್ಲ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಒಂಬತ್ತು ವರ್ಷ ಆ ಏಟು ನಂಬ್ಕೊಂಡು ಬದುಕಿದೀನಿ. ಅದೇ ತಪ್ಪು ಅಂದ್ರೆ ಮತ್ತೆ ಯಾವ ಧೈರ್ಯದ ಮೇಲೆ ಹತ್ತಲಿ? ತಪ್ಪನ್ನ ಇಕ್ಕಳನ ಮೇಲೆ ಹಾಕಿದ್ರು. ಅವನೂ ಬಾಯಿಬಿಡದೆ ಗಂಟು ಕಟ್ಕೊಂಡು ಹೋದ. ನಾನು ಆಸ್ಪತ್ರೆ ಮಂಚದ ಮೇಲಿದ್ದೆ, ಸುಮ್ನೆ ಗೋಡೆ ಕಡೆ ತಿರುಗಿದೆ."

ಹದಿನಾರು ವರ್ಷ ಒಬ್ಬರನ್ನೂ ಕೈಬಿಡದವನು ಅಂತ ಅವನಿಗೆ ಇಕ್ಕಳ ಅನ್ನುವ ಹೆಸರು ಬಂದದ್ದು ನೀನೇ ನನಗೆ ಹೇಳಿದ್ದೆ. ಅವನು ನಮ್ಮ ಮನೆಗೆ ಬಂದಾಗ ಬಾಟಲಿಯ ಮುಚ್ಚಳ ಎರಡು ಬೆರಳಲ್ಲಿ ತೆಗೆದು ನನ್ನನ್ನು ನಗಿಸಿದ್ದ.

ಅಣ್ಣಾ, ಗುಬ್ಬಿ ಹೇಳಿದ್ದು ನಿಜವೇ? ಇಲ್ಲ ಅಂದರೆ ಇಲ್ಲ ಅಂತ ಬರೆ. ಅಷ್ಟು ಸಾಕು.

ನಿನ್ನ ಮರಿ


ಮಾರ್ಚ್ ೧೭

ಮರೀ,

ಒಂದೂವರೆ ನಿಮಿಷದ ರೋಲ್ ಅಂದರೆ ಸಣ್ಣದಲ್ಲ. ನನಗೆ ಅದು ಬಂದದ್ದು ಸೇರಿದ ನಾಲ್ಕನೆಯ ವರ್ಷದಲ್ಲಿ. ಮಣಿಕಟ್ಟನ್ನು ಸಡಿಲವಾಗಿಡು.

ನಾನು ತೊಂಬತ್ತಕ್ಕೆ ಬಂದಿದ್ದೇನೆ. ಮೂರು ನಿಮಿಷ, ಎರಡು ಕೈ, ಒಂದು ಸಲವೂ ಕೋಲು ಬೀಳಲಿಲ್ಲ. ಫಿಸಿಯೋಥೆರಪಿ ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು, ನೂರಕ್ಕೊಬ್ಬರಿಗೆ ಇಷ್ಟು ಬೇಗ ಬರುವುದಂತೆ. ಏಪ್ರಿಲ್ ಕೊನೆಗೆ ನೂರ ಇಪ್ಪತ್ತು ಮುಟ್ಟುತ್ತೇನೆ. ಮೇ ಒಂದಕ್ಕೆ ಬರುತ್ತೇನೆ ಅಂತ ಯಜಮಾನರಿಗೆ ಹೇಳು. ಸ್ಟೂಲಿನ ಎತ್ತರ ಆಮೇಲೆ ಸರಿಮಾಡಿಕೊಂಡರಾಯಿತು.

ಇಲ್ಲಿ ಬಿಸಿಲು ಹೆಚ್ಚಾಗಿದೆ.

ನಿನ್ನ ಅಣ್ಣ


ಮಾರ್ಚ್ ೨೬

ಅಣ್ಣಾ,

ನಾನು ಕೇಳಿದ್ದು ಬಿಸಿಲಿನ ವಿಷಯವಲ್ಲ.

ತಂಗಿ


ಏಪ್ರಿಲ್ ೨೧

ಪ್ರೀತಿಯ ನಾದಿನಿಗೆ,

ನಾನು ಬರೆಯುತ್ತಿರುವುದು ನಿಮ್ಮಣ್ಣನಿಗೆ ಗೊತ್ತಿಲ್ಲ. ಅವರು ಮಲಗಿದ್ದಾರೆ. ಈಗೀಗ ಬೆಳಿಗ್ಗೆ ಹತ್ತಕ್ಕೂ ಮಲಗಿಯೇ ಇರುತ್ತಾರೆ. ನಿನ್ನ ಒಂದು ಸಾಲಿನ ಕಾಗದ ಬಂದ ದಿನ ರಬ್ಬರ್ ಹಾಳೆ ಸುತ್ತಿಟ್ಟರು. ಕೋಲುಗಳನ್ನು ಅಟ್ಟದ ಮೇಲೆ ಎಸೆದರು. ಬಲಗೈಯಲ್ಲೇ ಎಸೆದರು, ಗುರಿಯೂ ತಪ್ಪಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನೀನು ಏನು ಕೇಳಿದೆ ಅಂತ ನಾನು ಓದಿದ್ದೇನೆ. ತಪ್ಪಾದರೆ ತಪ್ಪು. ಅವರು ಉತ್ತರ ಕೊಡುವುದಿಲ್ಲ, ಅದಕ್ಕೆ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಕಳೆದ ವರ್ಷ ಮೇ ತಿಂಗಳಲ್ಲಿ ರಜಕ್ಕೆ ಬಂದಿದ್ದಾಗ ಅವರ ಕೈಯಿಂದ ಲೋಟ ಬಿತ್ತು. ಎರಡು ದಿನ ಬಿಟ್ಟು ಬಾಚಣಿಗೆ. "ಜೋಮು ಹಿಡಿದಿದೆ, ಮಲಗಿದ್ದು ಸರಿಯಾಗಿಲ್ಲ" ಅಂದರು. ಡಾಕ್ಟರ ಹತ್ತಿರ ಹೋಗೋಣ ಅಂದೆ. "ಡಾಕ್ಟ್ರು ರಜ ತಗೋ ಅಂತಾರೆ. ಡ್ರಮ್ ಬಾರಿಸೋನಿಗೆ ಕೈ ಸರಿಯಿಲ್ಲ ಅಂತ ಒಂದ್ಸಲ ಗೊತ್ತಾದ್ರೆ ಮುಗೀತು, ಯಾರ ಹತ್ರಾನೂ ಬಾಯಿಬಿಡ್ಬೇಡ" ಅಂತ ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಜೂನ್‌ನಲ್ಲಿ ಗುಬ್ಬಿ ಬಿದ್ದಳು ಅಂತ ಫೋನ್ ಬಂದಾಗ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಆಸ್ಪತ್ರೆಯ ಡಾಕ್ಟರು "ಮುಂಚೆ ಏನಾದ್ರೂ ಸೂಚನೆ ಇತ್ತಾ?" ಅಂದಾಗ ಅವರು ತಲೆಯಾಡಿಸಿ ಇಲ್ಲ ಅಂದರು. ಮಂಚದ ಆಚೆ ಬದಿ ನಿಂತಿದ್ದ ನಾನು ಆಗಲೂ ಬಾಯಿಬಿಡಲಿಲ್ಲ.

ಅವರನ್ನು ಒಬ್ಬರನ್ನೇ ಬೈಯಬೇಡ ಅನ್ನುವುದಕ್ಕೆ ಬರೆದೆ. ಬೈಯಲೇಬೇಡ ಅನ್ನುವುದಕ್ಕಲ್ಲ.

ನಿನ್ನ ಅತ್ತಿಗೆ


ಮೇ ೪

ಅಣ್ಣಾ,

ಮೇ ಒಂದು ಬಂದು ಹೋಯಿತು. ನೀನು ಬರುತ್ತೀಯ ಅಂತ ನಾನು ಯಜಮಾನರಿಗೆ ಹೇಳಿರಲಿಲ್ಲ.

ಅವರು ಮಾರ್ಚ್‌ನಲ್ಲೇ ನನ್ನನ್ನು ಕರೆದು ಕೇಳಿದ್ದರು: "ಇಲ್ಲೇ ಇದ್ದುಬಿಡ್ತೀಯೇನಮ್ಮ? ನಿಮ್ಮಣ್ಣನ ಕೈ ಮೇಲೆ ಇನ್ನೊಬ್ಬರ ಜೀವ ಇಡೋಕೆ ನಂಗೆ ಧೈರ್ಯ ಇಲ್ಲ." ಯೋಚಿಸಿ ಹೇಳುತ್ತೇನೆ ಅಂದಿದ್ದೆ. ಮೊನ್ನೆ ಹೂಂ ಅಂದೆ. ನಿನ್ನ ಜಾಗ ಕಾದಿಟ್ಟುಕೊಂಡಿದ್ದೇನೆ ಅಂತ ನಾನು ಯಾವ ಕಾಗದದಲ್ಲೂ ಬರೆದಿಲ್ಲ. ನೀನದನ್ನು ಗಮನಿಸಿಯೇ ಇರುತ್ತೀಯ. ಮಗ್ಗಲುಮುಳ್ಳು ನಾನೇ ಆದೆ ಅನ್ನಿಸಿದರೆ ಅನ್ನಿಸಲಿ. ನೀನು ನೂರ ಇಪ್ಪತ್ತಲ್ಲ, ಇನ್ನೂರು ಮುಟ್ಟಿದರೂ ಗುಬ್ಬಿಯ ಏಟು ನಿನಗೆ ಕೊಡುವುದಿಲ್ಲ.

ಇಕ್ಕಳ ಎಲ್ಲಿದ್ದಾನೆ ಅಂತ ವಿಚಾರಿಸಿದೆ. ನಿಮ್ಮೂರಿನಿಂದ ಎರಡು ಗಂಟೆ ಬಸ್ಸು. ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರುತ್ತಾನಂತೆ. ಕುಡುಕ ಅನ್ನುವ ಹೆಸರು ಅವನಿಗಿಂತ ಮುಂಚೆ ಹೋಗಿ ಎಲ್ಲ ಡೇರೆಗಳಲ್ಲೂ ಕೂತಿತ್ತು. ಯಾರೂ ಸೇರಿಸಿಕೊಳ್ಳಲಿಲ್ಲ. ವಿಳಾಸ ಹಿಂದಿನ ಪುಟದಲ್ಲಿದೆ.

ಈ ತಿಂಗಳು ಮುಗಿಯುವುದರೊಳಗೆ ಆವತ್ತು ನಡೆದದ್ದನ್ನು ಯಜಮಾನರಿಗೆ ನೀನು ಬರೆ. ಇಲ್ಲದಿದ್ದರೆ ನಾನು ಹೇಳುತ್ತೇನೆ. ನಿನ್ನಿಂದ ಕೋಲು ಹಿಡಿಯುವುದನ್ನು ಕಲಿತವಳು ನಿನಗೆ ಹೀಗೆ ಬರೆಯುವ ದಿನ ಬರಬಾರದಿತ್ತು.

ತಂಗಿ


ಮೇ ೨೮

ಮರೀ,

ಇದನ್ನು ಬರೆಯಲು ಎಂಟು ದಿನ ಬೇಕಾಯಿತು. ಕೈಯ ತೊಂದರೆಯಿಂದಲ್ಲ.

ಗುಬ್ಬಿ ಹೇಳಿದ್ದು ನಿಜ. ಆದರೆ ಅವಳಿಗೂ ಪೂರ್ತಿ ಗೊತ್ತಿಲ್ಲ. ಬೆರಳು ಮರಗಟ್ಟುವುದು ಆಗ ವಾರಕ್ಕೆರಡು ಸಲ ಆಗುತ್ತಿತ್ತು. ರೋಲ್‌ನಲ್ಲಿ ಎಡಗೈ ಬಲಗೈಯನ್ನು ಎಳೆದುಕೊಂಡು ಹೋಗುತ್ತಿತ್ತು, ಮಾಸ್ತರಿಗೂ ತಿಳಿಯುತ್ತಿರಲಿಲ್ಲ. ಆವತ್ತು ಇಕ್ಕಳ ಮುಂದಕ್ಕೆ ಹೊರಟದ್ದು ಕಂಡಿತು. ಬಾರಿಸು ಅಂದುಕೊಂಡೆ. ಕೈ ಏಳಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಆಮೇಲೆ ಎದ್ದಿತು.

ಆಗ ತಡವಾಗಿದೆ ಅಂತ ನನಗೆ ಗೊತ್ತಿತ್ತು, ಮರಿ. ಇಕ್ಕಳ ಹಿಂದಕ್ಕೆ ಹೊರಟದ್ದು ಕಣ್ಣೆದುರೇ ಇತ್ತು. ನಾನು ಬಾರಿಸದೆ ಬಿಟ್ಟಿದ್ದರೆ ಗುಬ್ಬಿ ಕೈಬಿಡುತ್ತಿರಲಿಲ್ಲ, ಅದೇ ಜೋಕಾಲಿಯಲ್ಲಿ ವಾಪಸ್ ಬರುತ್ತಿದ್ದಳು. ಜನ ಒಂದು ನಿಮಿಷ ಗೊಣಗುತ್ತಿದ್ದರು. ಡ್ರಮ್ಮಿನವನು ಏಟು ತಪ್ಪಿಸಿದ ಅನ್ನಿಸಿಕೊಳ್ಳಬಾರದು ಅಂತ ಗೊತ್ತಿದ್ದೂ ಬಾರಿಸಿದೆ. ಇದನ್ನು ನಿನ್ನ ಅತ್ತಿಗೆಗೂ ಹೇಳಿರಲಿಲ್ಲ. ನಿನ್ನೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ, ಆದರೆ ಅವಳ ಕಾಲ ಕೆಳಗೆ ಬಟ್ಟೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ಇಪ್ಪತ್ತನೆಯ ತಾರೀಖು ಇಕ್ಕಳನ ಮನೆಗೆ ಹೋದೆ. ಒಬ್ಬನೇ ಬಸ್ಸು ಹತ್ತಿದ್ದು ಕಾಯಿಲೆಯ ನಂತರ ಅದೇ ಮೊದಲು. ಗೋದಾಮಿನ ಹಿಂದೆ ಒಂದು ಕೋಣೆ. ಅವನು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ನನ್ನನ್ನು ಕಂಡು ಓಡಿಬಂದು ಮೆಟ್ಟಿಲು ಹತ್ತಿಸಿದ. "ಕಾಯಿಲೆ ವಿಷಯ ಕೇಳ್ದೆ. ಬರೋಕೆ ಮುಖ ಇರ್ಲಿಲ್ಲ. ಕೈ ಹೇಗಿದೆ?" ಅಂದ. ಬರೋಕೆ ಮುಖ ಇರಲಿಲ್ಲವಂತೆ, ಅವನಿಗೆ! ಅವನ ಹೆಂಡತಿ ಚಹಾ ತಂದರು. ಕುಡಿಯುವುದಕ್ಕೆ ಮುಂಚೆ ಹೇಳಿಬಿಡಬೇಕು ಅಂತ ಹೇಳಿದೆ. ಎಲ್ಲವನ್ನೂ.

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕಾಲು ಒರೆಸಿಕೊಂಡ ಬಟ್ಟೆಯನ್ನು ಮಡಚಿಟ್ಟ.

"ನಾನೇ ಅಂದ್ಕೊಂಡಿದ್ದೆ," ಅಂದ.

"ಏನು?"

"ಕುಡಿದಿರ್ಲಿಲ್ಲ, ಅದು ನಂಗೆ ಗೊತ್ತು. ಆದ್ರೆ ನಿನ್ನ ಏಟು ತಪ್ಪೋದು ಸಾಧ್ಯಾನೇ ಇಲ್ವಲ್ಲ. ಅದಕ್ಕೆ ನಾನೇ ಬೇಗ ಹೊರಟೆ, ನನ್ನ ಲೆಕ್ಕಾನೇ ತಪ್ಪಿತು ಅಂತ. ಒಂದು ವರ್ಷದಿಂದ ಹಂಗೇ ಅಂದ್ಕೊಂಡಿದೀನಿ." ಅವನು ಹೆಂಡತಿಯ ಕಡೆ ಕೈ ತೋರಿಸಿದ. "ಇವಳನ್ನ ಕೇಳು. ಮಗಳನ್ನ ಎತ್ಕೊಳ್ಳೋಕೂ ಹೆದರ್ತೀನಿ. ಎಲ್ಲಿ ಜಾರ್ತಾಳೋ ಅಂತ."

ಎರಡು ವರ್ಷದ ಹುಡುಗಿ ಮೂಲೆಯಲ್ಲಿ ಡಬ್ಬಿಯೊಂದರ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಳು.

ಆಮೇಲೆ ಅವನು ನನ್ನ ಬಲಗೈ ಎಳೆದುಕೊಂಡ. ಜೋಕಾಲಿಯವರು ಹಿಡಿಯುವ ಹಾಗೆ, ಅಂಗೈಯನ್ನಲ್ಲ, ಮಣಿಕಟ್ಟಿನ ಮೇಲೆ ಹಿಡಿದ. ಮೂಳೆಗೆ ನಾಟಿತು. "ಹೀಗೆ ಹಿಡೀತಿದ್ದೆ. ಅವಳು ಬಂದಿದ್ರೆ." ಎಷ್ಟು ಹೊತ್ತು ಹಿಡಿದಿದ್ದನೋ ತಿಳಿಯದು. ಬಿಟ್ಟ ಮೇಲೆ ಗೋಡೆಗೆ ಒರಗಿ ಹೇಳಿದ: "ಚಹಾ ಕುಡಿದು ಹೋಗು. ಮತ್ತೆ ಬರ್ಬೇಡ."

ಯಜಮಾನರಿಗೆ ಇವತ್ತೇ ಬರೆದೆ. ಎರಡೂ ಕಾಗದ ಒಟ್ಟಿಗೆ ಅಂಚೆಗೆ ಹಾಕುತ್ತೇನೆ. ಜಾಗದ ವಿಷಯದಲ್ಲಿ ನೀನು ಮಾಡಿದ್ದೇ ಸರಿ. ಆ ಸಾಲು ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ.

ನಿನ್ನ ಅಣ್ಣ


ಜೂನ್ ೧೪

ಅಣ್ಣಾ,

ಯಜಮಾನರು ನಿನ್ನ ಕಾಗದವನ್ನು ಅಭ್ಯಾಸದ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿದರು. ಮಾಸ್ತರು ಎದ್ದು ಡೇರೆಯ ಹೊರಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದರು. ನಿನ್ನ ಪಕ್ಕದಲ್ಲೇ ಹದಿನೆಂಟು ವರ್ಷ ಕೂತವರು ಅವರು. ಇಕ್ಕಳನನ್ನು ವಾಪಸ್ ಕರೆದು ಯಜಮಾನರು ಬರೆದರು. ಬರುವುದಿಲ್ಲ ಅಂತ ಅವನ ಹೆಂಡತಿಯ ಅಕ್ಷರದಲ್ಲಿ ಎರಡು ಸಾಲು ಬಂತು. ಅವನು ಕುಡಿದಿರಲಿಲ್ಲ ಅಂತ ಉಳಿದ ಎಲ್ಲ ಕಂಪನಿಗಳಿಗೂ ಯಜಮಾನರ ಸಹಿಯ ಪತ್ರ ಹೋಗಿದೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ.

ಗುಬ್ಬಿ ಮೂರು ದಿನ ಹತ್ತಲಿಲ್ಲ. ನಾಲ್ಕನೆಯ ದಿನ ಬಂದು ನನ್ನ ಎದುರು ನಿಂತಳು. "ನಿಂಗೂ ತಡ ಆದ್ರೆ ಏನ್ಮಾಡ್ತೀಯ?"

"ಬಾರಿಸಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ," ಅಂದಳು. ಆದರೂ ಹತ್ತಿದಳು.

ನಿನ್ನೆಯ ಆಟದಲ್ಲಿ ಡೇರೆ ತುಂಬಿತ್ತು. ರೋಲ್ ಎಳೆಯುತ್ತಿದ್ದೆ. ಹೊಸಬ ಮುಂದಕ್ಕೆ ಹೊರಟ. ಬೆವರು ಕಣ್ಣಿಗಿಳಿದು ಅರೆಕ್ಷಣ ಕಳೆದುಹೋಯಿತು. ಕೋಲು ಮೇಲೆದ್ದಿತ್ತು, ಮಾಸ್ತರು ತುತ್ತೂರಿ ಬಾಯಿಗಿಟ್ಟಿದ್ದರು, ಸಾವಿರ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನು ಬಾರಿಸಲಿಲ್ಲ. ರೋಲ್ ಮುಂದುವರಿಸಿದೆ. ಗುಬ್ಬಿ ಕೈಬಿಡದೆ ಹಾಗೆಯೇ ತೂಗಿ ವಾಪಸ್ ಹೋದಳು. ಯಾರೋ ಸಿಳ್ಳೆ ಹಾಕಿದರು, ಮುಂದಿನ ಸಾಲಿನವರು ನಕ್ಕರು. ಮುಖ ಕಿವಿಯವರೆಗೂ ಉರಿಯಿತು. ಅಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಆವತ್ತು ತಡವಾದ ಮೇಲೂ ನಿನ್ನ ಕೈ ಯಾಕೆ ಬಾರಿಸಿತು ಅಂತ ಆಗ ನನಗೆ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ಮುಂದಿನ ತೂಗಾಟಕ್ಕೆ ಏಟು ಕೊಟ್ಟೆ. ಹೊಸಬ ಹಿಡಿದ.

ಆಟ ಮುಗಿದ ಮೇಲೆ ಗುಬ್ಬಿ ನನ್ನ ಪಕ್ಕ ಕೂತು ಕಾಲಿನ ಪಟ್ಟಿ ಬಿಚ್ಚಿಕೊಂಡಳು. ನಿನ್ನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ, ಅಣ್ಣಾ. ಯಾವಾಗ ಹೋಗುತ್ತದೋ ಕೇಳಬೇಡ. ಆದರೂ ನಿನ್ನೆ ಒಂದು ಏಟು ಬಾರಿಸದೆ ಉಳಿಸಿಕೊಂಡೆ ಅಂತ ಮೊದಲು ಹೇಳಬೇಕು ಅನ್ನಿಸಿದ್ದು ನಿನಗೇ.

ತಂಗಿ